ಕಾಯಿಗೆ ಇಟ್ಟ ಎಸರು

ಆಹಾರ ನಿರೀಕ್ಷಕನಾಗಿ ಸೇರಿದ ಮೇಲೆ ನಾನು ಮೊದಲು ಕಳೆದುಕೊಂಡದ್ದು ಊಟದ ಕರೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಅದನ್ನೇ ಮೊದಲು ಹೇಳಬೇಕು ಅನ್ನಿಸುತ್ತದೆ. ಊರಿನ ಅಕ್ಕಿ, ಸಕ್ಕರೆ, ಸೀಮೆಎಣ್ಣೆಯ ಮೇಲೆ ಕಣ್ಣಿಡುವವನನ್ನು ಮನೆಗೆ ಕರೆದು ಬಡಿಸಿದರೆ ನೆರೆಯವರು ಸುಮ್ಮನಿರುವುದಿಲ್ಲ. ಹೋಗಿ ಉಂಡರೆ ನಮ್ಮ ಹೆಸರೂ ಉಳಿಯುವುದಿಲ್ಲ.

ಪೇಟೆಯಲ್ಲಿ ನಾನಿದ್ದದ್ದು ಟೈಲರ್ ಬಾಷಾ ಸಾಹೇಬರ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೊದಲ ವರ್ಷದ ರಂಜಾನಿಗೆ ಅವರು ಒಂದು ಡಬ್ಬಿ ಸುರಕುಂಬ, ಹಬ್ಬದ ಶಾವಿಗೆ ಪಾಯಸ, ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಮಾತು ಶುರುವಾಯಿತು. ಮರುವರ್ಷ ಹಬ್ಬದ ದಿನ ಅವರು ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

“ಬೇಜಾರ್ ಮಾಡ್ಕೋಬೇಡಿ ಸಾಬ್. ನಿಮ್ಗೆ ಒಂದು ಲೋಟ ಕೊಟ್ರೆ ನಂಗೆ ಒಂದು ಮೂಟೆ ಸಕ್ಕರೆ ಬಂತು ಅಂತಾರೆ ಜನ.”

“ಮೂಟೆ ಬಂದಿದ್ದರೆ ಇಬ್ಬರೂ ಕೂತು ಕುಡಿಯಬಹುದಿತ್ತು” ಎಂದೆ. ಅವರು ನಕ್ಕು ಕೆಳಗಿಳಿದರು. ಅಷ್ಟು ವರ್ಷ ಆ ಕೋಣೆಯಲ್ಲಿ ನನಗೆ ಜೊತೆಯಾಗಿದ್ದದ್ದು ಕೆಳಗಿನ ಅವರ ಹೊಲಿಗೆ ಯಂತ್ರದ ಸದ್ದು.

ತಿಪಟೂರಿನ ಸುತ್ತಿನ ಈ ತೆಂಗಿನ ಸೀಮೆಯ ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡಿದ್ದೇನೆ. ಯಾವ ಅಧಿಕಾರಿ ಯಾವ ತಾಲ್ಲೂಕಿನಲ್ಲಿದ್ದವರು ಎಂದು ಬರೆಯುವುದಿಲ್ಲ. ಅವರು ಉತ್ತರ ಕೊಡಲು ಈಗ ಇಲ್ಲ. ಇನ್ನೊಂದು ಮಾತು. ಕಾಲೇಜಿನ ದಿನಗಳಿಂದಲೂ ನಾನು ದಿನಚರಿ ಬರೆಯುವವನು. ಆದರೆ ಆ ವರ್ಷಗಳ ಪುಟಗಳಲ್ಲಿ ಇರುವುದು ಬಸ್ಸು, ಪಡಿತರದ ಡಿಪೋ, ಮಳೆ ಇಷ್ಟೇ. ಯಾರು ಏನಂದರು ಎಂಬುದಿಲ್ಲ. ಮುಂದೆ ಬರುವ ಮಾತುಗಳೆಲ್ಲ ನೆನಪಿನಿಂದ ಬಂದವು, ಮತ್ತು ನನ್ನ ನೆನಪಿಗೆ ಒಗ್ಗರಣೆ ಹಾಕುವ ಚಾಳಿ ಇದೆ ಎಂದು ನನಗೆ ಗೊತ್ತು. ಅನುಮಾನ ಬಂದಲ್ಲಿ ಹೇಳುತ್ತೇನೆ.

ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಬಂದವನು ನಾನು. ಹಸಿವನ್ನು ಅಳೆಯಬಹುದು ಎಂದುಕೊಂಡಿದ್ದೆ. ಬೆಲೆ ಏರಿದ ಒಂದು ಬೇಸಿಗೆಯಲ್ಲಿ, ಯಾವ ಕೇರಿಗೆ ಹೆಚ್ಚು ಪಡಿತರ ಬೇಕು ಎಂದು ನೋಡಿಕೊಂಡು ಬರಲು ನನ್ನನ್ನು ಕಳಿಸಿದರು. ಮನೆ ಮನೆಯ ಮುಂದೆ ನಿಂತು “ಊಟ ಆಯ್ತಾ?” ಎಂದು ಕೇಳಿದೆ. ಎಲ್ಲರೂ “ಆಯ್ತು ಸ್ವಾಮಿ” ಎಂದರು. ಹಸಿದವರು ಯಾರೂ ಕಾಣಲಿಲ್ಲ ಎಂದು ವರದಿ ಬರೆದೆ. ಆಗಿನ ತಹಸೀಲ್ದಾರರು ನಿವೃತ್ತಿಯ ಅಂಚಿನಲ್ಲಿದ್ದವರು, ವೀಳ್ಯದೆಲೆ ಜಗಿಯುತ್ತ ನನ್ನ ವರದಿ ಓದಿದರು.

“ಊಟ ಆಯ್ತಾ ಅಂದ್ರೆ ಈ ಸೀಮೇಲಿ ಯಾರಾದ್ರೂ ಇಲ್ಲ ಅಂತಾರೇನ್ರೀ? ಇಲ್ಲ ಅಂದ್ರೆ ಕೇಳಿದೋನು ಬಡಿಸ್ಬೇಕಾಗ್ತದೆ. ನಿಮ್ಮ ಹತ್ರ ಬಡಿಸೋಕೆ ಏನಿತ್ತು?”

“ಹಾಗಾದರೆ ಏನು ಕೇಳಲಿ ಸರ್?”

“ಏನ್ ಸಾರು ಅಂತ ಕೇಳಿ. ಉಂಡೋನು ತಟ್ಟಂತ ಹೇಳ್ತಾನೆ. ಉಣ್ಣದೋನಿಗೆ ಒಂದು ಗಳಿಗೆ ಬೇಕು, ಸಾರು ಹುಡುಕೋಕೆ.”

ಮುಂದಿನ ವರ್ಷಗಳಲ್ಲೆಲ್ಲ ನಾನು ಆ ಪ್ರಶ್ನೆಯನ್ನೇ ಹಿಡಿದುಕೊಂಡು ಓಡಾಡಿದೆ. ಅವರೆಕಾಳು, ಬಸ್ಸಾರು, ಉಪ್ಪುಸಾರು ಎಂದು ಥಟ್ಟನೆ ಬರುವ ಉತ್ತರಗಳ ನಡುವೆ ಎಲ್ಲೋ ಒಂದು ಮನೆಯಲ್ಲಿ ಆ ಒಂದು ಗಳಿಗೆ ಬರುತ್ತಿತ್ತು. ಕಣ್ಣು ಒಲೆಯ ಕಡೆ ಹೋಗಿ ವಾಪಸು ಬರುವಷ್ಟು ಹೊತ್ತು.

ಹೊರಗಿನಿಂದ ಬಂದವರಿಗೆ ಈ ಸೀಮೆಯಲ್ಲಿ ಹಸಿವು ಇದೆ ಎಂದರೆ ನಂಬಿಕೆ ಬರುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಹಸಿರು ಬಿಟ್ಟರೆ ಬೇರೇನೂ ಕಾಣದು. ನಾನು ಸೇರಿದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ತೋಟದ ಕೂಲಿಯನ್ನು ಸಂಜೆ ಸೇರಿನಲ್ಲಿ ರಾಗಿ ಅಳೆದು ಕೊಡುವ ಮನೆಗಳು ಇನ್ನೂ ಇದ್ದವು. ಕೊಬ್ಬರಿಗೆ ಬೆಲೆ ಬಂದಂತೆ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ತೆಂಗಿನ ಸಸಿ ಬಿತ್ತು. ಸಾಹುಕಾರರೇ ರಾಗಿ ಕೊಳ್ಳುವ ಕಾಲ ಬಂದಾಗ ಕೂಲಿಯನ್ನು ದುಡ್ಡಿಗೆ ತಿರುಗಿಸಿದರು. ಕೈಗೆ ದುಡ್ಡು ಬಂತು ಎಂದು ಮೊದಲು ಕೂಲಿಯವರಿಗೂ ಖುಷಿಯೇ. ಆಮೇಲೆ ರಾಗಿಯ ಬೆಲೆ ಏರಿತು, ಬೇಳೆಯ ಬೆಲೆ ಏರಿತು, ಕೂಲಿ ನಿಂತಲ್ಲೇ ನಿಂತಿತು. ತೆಂಗಿನ ತೋಟಗಳ ನಡುವಿನ ಡಿಪೋ ಮುಂದೆ ಜನ ಪಾಮೋಲಿನ್ ಎಣ್ಣೆಗೆ ಬಾಟಲಿ ಹಿಡಿದು ಸಾಲು ನಿಲ್ಲುತ್ತಿದ್ದರು, ಪಕ್ಕದಲ್ಲೇ ಕೊಬ್ಬರಿ ಮೂಟೆಯ ಗಾಡಿಗಳು ತಿಪಟೂರಿಗೆ ಹೋಗುತ್ತಿದ್ದವು.

ಎಂಬತ್ತರ ದಶಕದ ನಡುವೆ ಬಡವರಿಗೆಂದು ಹಸಿರು ಕಾರ್ಡು ಬಂತು. ಅಗ್ಗದ ಅಕ್ಕಿ ಅದಕ್ಕೆ ಮಾತ್ರ. ಕಾರ್ಡು ಕೊಟ್ಟು ವರ್ಷ ಕಳೆಯುವುದರೊಳಗೆ, ಉಳ್ಳವರೂ ಪಡೆದಿದ್ದಾರೆ, ಕಿತ್ತುಹಾಕಿ ಎಂಬ ಆದೇಶವೂ ಬಂತು. ಆದೇಶ ಸುಳ್ಳಲ್ಲ, ಪಡೆದವರಿದ್ದರು. ಆಗ ಹೊಸ ತಹಸೀಲ್ದಾರರು ಬಂದಿದ್ದರು. ಚುರುಕಿನ ಮನುಷ್ಯ, ಕೈ ಶುದ್ಧ, ಬಯಲುಸೀಮೆಯ ಬೇರೊಂದು ಮೂಲೆಯವರು. ಒಂದು ಬೆಳಿಗ್ಗೆ ದಂಡಿನಶಿವರ ದಾಟಿ ಒಂದು ಸಣ್ಣ ಊರಿನ ಕೆರೆ ಏರಿಯ ಮೇಲೆ ಜೀಪು ನಿಲ್ಲಿಸಿ ನನಗೆ ತೋರಿಸಿದರು.

“ನೋಡ್ರೀ, ಒಂದು ಮನೆ ಬಿಡದ ಹಾಗೆ ಹೊಗೆ ಆಡ್ತಿದೆ. ಒಲೆ ಉರೀತಿದೆ ಅಂದ್ರೆ ಏನೋ ಬೇಯ್ತಿದೆ ಅಂತ ತಾನೆ? ಇವರಿಗೆಲ್ಲ ಹಸಿರು ಕಾರ್ಡು ಕೊಟ್ಟ ಮಹಾನುಭಾವ ಯಾರು?”

“ಸರ್, ಅದು ಕೊಬ್ಬರಿಗೆ ಹಾಕೋ ಹೊಗೆ. ಅಟ್ಟದಲ್ಲಿ ಕಾಯಿ ಇರುತ್ತೆ.”

“ಅಟ್ಟದ ತುಂಬ ಕೊಬ್ಬರಿ ಇಟ್ಕೊಂಡೋರು ಬಡವರೇನ್ರೀ?”

ನಾನು ಬಾಯಿ ಬಿಟ್ಟು ಕೆಟ್ಟೆ. ಅಲ್ಲಿಂದಲೇ ನಿಯಮ ಹುಟ್ಟಿತು: ಅಟ್ಟದಲ್ಲಿ ಕಾಯಿ ಇದ್ದ ಮನೆಗೆ ಹಸಿರು ಕಾರ್ಡಿಲ್ಲ.

ಅಟ್ಟದ ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಯಿಯನ್ನು ಸುಲಿಯದೆ ಮಟ್ಟೆಸಹಿತ ಅಟ್ಟಕ್ಕೆ ತುಂಬಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಿ ಕಳಚಿಕೊಳ್ಳಲು ವರ್ಷದ ಹತ್ತಿರ ಬೇಕು. ಕೆಳಗೆ ದಿನವೂ ಒಲೆ ಉರಿದು ಹೊಗೆ, ಶಾಖ ಹತ್ತಬೇಕು. ಇಲ್ಲದಿದ್ದರೆ ಜಡಿಮಳೆಯಲ್ಲಿ ಬೂಸ್ಟು ಹಿಡಿದು ಹಾಳು. ದೊಡ್ಡ ತೋಟದವರ ಅಟ್ಟ ತುಂಬಿದ ಮೇಲೆ ಮಿಕ್ಕ ಕಾಯಿಯನ್ನು ತಮ್ಮ ಕೂಲಿಯವರ ಮನೆಗಳಲ್ಲಿ ಅಟ್ಟ ಕಟ್ಟಿಸಿ ತುಂಬುತ್ತಿದ್ದರು. ಬಾಡಿಗೆ ಎಂಬುದಿಲ್ಲ. ಮಾಡಿನ ಹೆಂಚು ಒಡೆದರೆ ಅವರೇ ಹೊದಿಸುತ್ತಾರೆ, ಉರಿಸಲು ಮಟ್ಟೆ ಕೊಡುತ್ತಾರೆ, ಕೊನೆಗೆ ಒಡೆದಾಗ ಚಿಪ್ಪು ಮನೆಯವರಿಗೆ, ಕೂಲಿಗೆ ಮೊದಲ ಕರೆ ಆ ಮನೆಗೆ. ಅಡುಗೆಗೆ ಏನಿದ್ದರೂ ಇಲ್ಲದಿದ್ದರೂ ಒಲೆ ಮಾತ್ರ ಆರುವ ಹಾಗಿಲ್ಲ.

ಲಕ್ಕಮ್ಮನ ಮನೆಗೆ ನಾನು ಹೋದದ್ದು ಆಷಾಢದಲ್ಲಿ. ಏರಿಯ ಮೇಲಿನಿಂದ ಕಂಡ ಅದೇ ಊರು. ಗಂಡ ತೀರಿಹೋದ ಮೇಲೆ ಅವನ ಕಬ್ಬಿಣದ ಗೂಟದ ಮುಂದೆ ತಾನೇ ನಿಂತು ಕಾಯಿ ಸುಲಿಯುತ್ತಿದ್ದ ಹೆಂಗಸು. ಆ ಸೀಮೆಯಲ್ಲಿ ಅದು ಗಂಡಸರ ಕೆಲಸ. ಮನೆಯಲ್ಲಿ ಅವಳು ಮತ್ತು ಅತ್ತೆ ಕೆಂಪಜ್ಜಿ ಇಬ್ಬರೇ. ತಲೆ ಬಗ್ಗಿಸಿ ಒಳಗೆ ಹೋದರೆ ಅಟ್ಟ ತುಂಬಿ ಮಾಡಿಗೆ ತಾಗುವಷ್ಟು ಕಾಯಿ. ಒಲೆ ಉರಿಯುತ್ತಿತ್ತು, ಮೇಲೆ ಮುಚ್ಚಿದ ಪಾತ್ರೆ ಕುದಿಯುತ್ತಿತ್ತು.

“ಏನಮ್ಮ ಸಾರು?” ಎಂದೆ.

ಆ ಗಳಿಗೆ ಬಂತು. ಲಕ್ಕಮ್ಮ ಏನಾದರೂ ಹೇಳುವ ಮೊದಲೇ ಮೂಲೆಯಿಂದ ಕೆಂಪಜ್ಜಿಯ ದನಿ: “ಎಸ್ರು ಸಾರು ಕಣಪ್ಪ. ಬೆಳಿಗ್ಗೆಯಿಂದ ಕುದೀತೈತೆ, ಇನ್ನೂ ಬೆಂದಿಲ್ಲ.”

“ಸುಮ್ಕಿರತ್ತೆ.” ಲಕ್ಕಮ್ಮ ಮುಚ್ಚಳ ತೆಗೆದಳು. ಬರೀ ನೀರು. “ಕಾಯಿಗೆ ಇಟ್ಟಿವ್ನಿ ಸ್ವಾಮಿ. ಬರೀ ಒಲೆ ಉರೀಬಾರ್ದು ಅಂತಾರಲ್ಲ, ಅದ್ಕೆ.”

ಅವಳು “ಕಾಯಿಗೆ” ಎಂದಳೋ, ನಾನೇ ಈ ವರ್ಷಗಳಲ್ಲಿ ಸೇರಿಸಿಕೊಂಡೆನೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೀರು ಕುದಿಯುತ್ತಿದ್ದದ್ದು ಮಾತ್ರ ನಿಜ.

“ಕಾಯಿ ಯಾರದು?”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ನಮ್ವೇ.”

“ನಮ್ವಂತೆ!” ಎಂದಳು ಅಜ್ಜಿ. “ಮರ ಎಲ್ಲೈತೆ ತೋರ್ಸೇ, ನಾನೂ ಒಂದ್ಸಲ ತಬ್ಕಂಡು ಬತ್ತೀನಿ.”

ಅದು ಅವಳು ಕೂಲಿಗೆ ಹೋಗುವ ದೊಡ್ಡ ತೋಟದ ನಂಜೇಗೌಡರ ಕಾಯಿ ಎಂದು ಊರಿಗೇ ಗೊತ್ತು, ನನಗೂ ಗೊತ್ತು. ಗೌಡರಿಗೂ ಅವರ ತಮ್ಮನಿಗೂ ಆಗ ಹಿಸ್ಸೆಯ ಜಗಳ ನಡೆದಿತ್ತು. ಪಾಲಿಗೆ ಬರಬಾರದೆಂದು ಆ ವರ್ಷದ ಕಾಯಿಯನ್ನು ಗೌಡರು ಅಲ್ಲಲ್ಲಿ ತುಂಬಿಸಿದ್ದರು. ಯಾರು ಕೇಳಿದರೂ ನಮ್ಮದೇ ಅನ್ನಬೇಕು ಎಂದು ಲಕ್ಕಮ್ಮನ ಹತ್ತಿರ ಮಾತು ತೆಗೆದುಕೊಂಡಿದ್ದರು.

“ನಿನ್ನದು ಅಂದರೆ ಕಾರ್ಡು ಹೋಗುತ್ತಮ್ಮ. ನಿನ್ನದಲ್ಲ ಅನ್ನು ಸಾಕು. ಯಾರದು ಅಂತ ನಾನು ಕೇಳೋದಿಲ್ಲ.”

“ನೀವು ಕೇಳಾಕಿಲ್ಲ, ಊರು ಕೇಳ್ತದಲ್ಲ ಸ್ವಾಮಿ. ಮಾತು ಕೊಟ್ಟಿವ್ನಿ. ಇವತ್ತು ತಿರುಗಿಸಿದ್ರೆ ನಾಳಿಂದ ಕೂಲಿಗೆ ಯಾರ್ ಕರೀತಾರೆ?”

“ಅಕ್ಕಿ ನಿಂತುಹೋದರೆ?”

ಅವಳು ಒಲೆಗೆ ಇನ್ನೊಂದು ಮಟ್ಟೆ ತಳ್ಳಿದಳು. ಕೂಲಿಯ ದುಡ್ಡಿಗೆ ಅಂಗಡಿಯ ರಾಗಿ ವಾರದ ಮಧ್ಯಕ್ಕೇ ಮುಗಿಯುತ್ತಿತ್ತು, ಮಿಕ್ಕ ದಿನಗಳಿಗೆ ಹಸಿರು ಕಾರ್ಡಿನ ಅಕ್ಕಿ. ಅದು ನಿಂತರೆ ಎಸರು ದಿನವೂ ಕಾಯಿಗೇ.

ನಂಜೇಗೌಡರ ಮನೆಗೆ ಹೋದೆ. ಕೆಟ್ಟ ಮನುಷ್ಯರಲ್ಲ, ಇದನ್ನು ಬರೆಯಲೇಬೇಕು. ಎಳನೀರು ಕೆತ್ತಿಸಿದರು. ನಾನು ಕುಡಿಯುವುದಿಲ್ಲ ಎಂದಾಗ ಮುಖ ಸಣ್ಣದಾಯಿತು.

“ಎಳ್ನೀರಿಗೂ ಲಂಚ ಅಂತಾರೇನ್ರೀ ಸಾಹೇಬ್ರೇ?”

“ಅದು ಬಿಡಿ ಗೌಡರೇ. ಲಕ್ಕಮ್ಮನ ಅಟ್ಟದ ಕಾಯಿ ನಿಮ್ಮದು ಅಂತ ಒಂದು ಮಾತು ಹೇಳಿ.”

“ಹೇಳ್ಬುಟ್ರೆ ನಾಳೆ ನನ್ ತಮ್ಮ ಅರ್ಧಕ್ಕೆ ಗಾಡಿ ಕಟ್ಕಂಡು ಬತ್ತಾನೆ. ಅವ್ಳು ಉಪವಾಸ ಬಿದ್ರೆ ನಾನು ನೋಡ್ಕಂಡು ಕೂತಿರ್ತೀನಾ? ನಮ್ಮನೇಲಿ ರಾಗಿ ಇಲ್ವಾ?”

“ನಿಮ್ಮನೆ ರಾಗಿ ಎಲ್ಲಿಂದ ಬರುತ್ತೆ?”

ನಾನು ಕುಡಿಯದ ಎಳನೀರನ್ನು ಅವರು ಪಕ್ಕಕ್ಕೆ ಸರಿಸಿದರು. “ತಿಪಟೂರಿಂದ” ಎಂದರು. “ಹೊಲಕ್ಕೆಲ್ಲ ಸಸಿ ಹಾಕ್ಬುಟ್ನಲ್ಲ.”

ಅಟ್ಟದಲ್ಲಿರುವುದು ಮನೆಯವಳ ಕಾಯಿಯಲ್ಲ, ಇದು ಇಲ್ಲಿನ ರೂಢಿ ಎಂದು ವರದಿ ಬರೆದೆ. ತಹಸೀಲ್ದಾರರು ಓದಿ ಶಾಂತವಾಗಿಯೇ ಕೇಳಿದರು: “ಯಾರದು ಅಂತ ಬರೆದಿಲ್ವಲ್ಲ. ಅವಳೇ ನಮ್ಮದು ಅಂದಳು ಅಂತ ಬಾಯಲ್ಲಿ ಹೇಳ್ತೀರಿ. ರೂಢಿಗೆ ಸಾಕ್ಷಿ ಯಾರು? ಓದಿದವರು ನೀವು, ನೀವೇ ಹೇಳಿ.” ಹೆಸರು ಹೇಳುವುದು ನನಗೆ ಕಷ್ಟವಿರಲಿಲ್ಲ. ಹೇಳಿದರೆ ಗೌಡರು ಲಕ್ಕಮ್ಮನೇ ಬಾಯಿ ಬಿಟ್ಟಳು ಅನ್ನುತ್ತಿದ್ದರು. ಕಷ್ಟಪಟ್ಟು ಒಂದು ಅವಕಾಶ ಕೇಳಿಕೊಂಡೆ: ಬರುವ ತಿಂಗಳ ಅಕ್ಕಿ ಡಿಪೋಗೆ ಇಳಿಯುವ ಮುಂಚೆ ಇನ್ನೊಮ್ಮೆ ನೋಡಿ ಬರುತ್ತೇನೆ, ಆಗಲೂ ಅಟ್ಟದಲ್ಲಿ ಕಾಯಿ ಇದ್ದರೆ ಕಾರ್ಡು ರದ್ದು. ಈ ಗಡುವನ್ನು ಮಾರನೆಯ ದಿನವೇ ಹೋಗಿ ಅವಳಿಗೆ ತಿಳಿಸಿ ಬಂದೆ.

ಗಡುವು ಮುಗಿಯುವ ಹೊತ್ತಿಗೆ ಮತ್ತೆ ಹೋದೆ. ಸಣ್ಣ ಜಡಿ ಹಿಡಿದಿತ್ತು. ಏರಿಯ ಮೇಲೆ ಬಸ್ಸಿಳಿದು ನೋಡಿದರೆ ಎಲ್ಲ ಮಾಡುಗಳಿಂದಲೂ ಹೊಗೆ ಏಳುತ್ತಿದೆ, ಲಕ್ಕಮ್ಮನ ಮನೆಯದು ಮಾತ್ರ ಇಲ್ಲ. ಆ ದಾರಿಯನ್ನು ನಾನು ಓಡುತ್ತ ಇಳಿದೆ ಎಂದು ನೆನಪು. ಒಂಟಿಯಾಗಿ ಓಡುವಾಗ ಮನಸ್ಸು ಏನೇನು ಕಲ್ಪಿಸಿಕೊಳ್ಳುತ್ತದೋ ಅದನ್ನೆಲ್ಲ ಕಲ್ಪಿಸಿಕೊಂಡೆ.

ಬಾಗಿಲ ಮುಂದೆ ನಂಜೇಗೌಡರು ಕೊಡೆ ಹಿಡಿದು ನಿಂತಿದ್ದರು. ಲಕ್ಕಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಒಲೆ ಯಾಕೇ ಹಚ್ಚಿಲ್ಲ?”

“ಬೇಯ್ಸಾಕೆ ಏನಿಲ್ಲ ಗೌಡ್ರೇ.”

“ಇಂಥ ಜಡೀಲಿ ಕಾಯಿ ಬೂಸ್ಟು ಹಿಡೀತದಲ್ಲೇ!”

“ಹಿಡೀಲಿ ಬುಡಿ. ನಮ್ ಕಾಯಿ ತಾನೆ? ನಿಮ್ಗ್ಯಾಕೆ ಚಿಂತೆ?”

ಎದುರು ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ಒಳಗಿನಿಂದ ಕೆಂಪಜ್ಜಿ, “ಕಾಯಿ ನಮ್ದು, ಒಲೆ ನಮ್ದು. ಗೌಡ್ರಿಗೆ ಯಾಕಂತೆ ಬೂಸ್ಟು ಹತ್ತಿರೋದು?” ಎಂದಳು. ಈಗ ನಗು ಬೀದಿಯ ತುಂಬ.

ಗೌಡರು ನನ್ನನ್ನು ನೋಡಿದರು, ಬೀದಿಯನ್ನು ನೋಡಿದರು. ದನಿ ತಗ್ಗಿಸಿದರು. “ಹಚ್ಚಮ್ಮ. ರಾಗಿ ಕಳಿಸ್ತೀನಿ.”

“ಕಳ್ಸೋದು ಬ್ಯಾಡ ಗೌಡ್ರೇ. ಮೊದ್ಲು ಕೂಲಿಗೆ ಸೇರಲ್ಲಿ ಅಳೀತಿದ್ರಲ್ಲ, ಹಂಗೇ ಅಳೀರಿ. ನಂಗೊಬ್ಳಿಗಲ್ಲ.”

ಈ ಮಾತು ನಗುತ್ತಿದ್ದವರ ಬಾಯಿ ಮುಚ್ಚಿಸಿತು. ಗೌಡರು ಕೊಡೆ ತಿರುಗಿಸಿಕೊಂಡು ಹೊರಟುಹೋದರು. ಮರುದಿನವೋ ಅದರ ಮರುದಿನವೋ ಹಗಲು ಹೊತ್ತಿನಲ್ಲೇ ಗಾಡಿ ತಂದು ಕಾಯಿ ಇಳಿಸಿಕೊಂಡರು. ರಸ್ತೆಯ ಆಚೆ ನಿಂತು ಅವರ ತಮ್ಮ ನೋಡುತ್ತಿದ್ದ ಎಂದು ಆಮೇಲೆ ಕೇಳಿದೆ. ನನ್ನ ದಿನಚರಿಯಲ್ಲಿ ಆ ವಾರ ಇರುವುದು ಇಷ್ಟು: ಅಟ್ಟ ಖಾಲಿ, ಕಾರ್ಡು ಮುಂದುವರಿಸಬಹುದು.

ಇದನ್ನು ಗೆಲುವು ಎಂದು ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಹೊಸಬರಿಗೆ ಹುರುಪೂ ಬರುತ್ತದೆ. ಆದರೆ ನಡೆದದ್ದು ಹಾಗಲ್ಲ. ಅಕ್ಕಿ ಬಂತು, ಮಟ್ಟೆ ಬರುವುದು ನಿಂತಿತು. ಮೊದಲು ಉರಿಸಲು ಮಟ್ಟೆ ಇತ್ತು, ಬೇಯಿಸಲು ಏನೂ ಇರಲಿಲ್ಲ, ಈಗ ತಿರುಗಾಮುರುಗಾ. ಗೌಡರು ಕೂಲಿಗೆ ಕರೆಯಲಿಲ್ಲ, ಅವರ ಮುಲಾಜಿಗೆ ಬೇರೆಯವರೂ ಕರೆಯಲಿಲ್ಲ. ರಾಗಿ ಅಳೆಯುವ ಮಾತನ್ನು ಊರಿನಲ್ಲಿ ಇನ್ಯಾರೂ ಎತ್ತಲಿಲ್ಲ. ಮುಂದಿನ ಮಳೆಗೆ ಒಡೆದ ಹೆಂಚು ಒಡೆದೇ ಇತ್ತು. ಇನ್ನೊಂದು ಸಲ ಆ ಊರಿಗೆ ಹೋದಾಗ ಮನೆಗೆ ಬೀಗ. ಅತ್ತೆಯನ್ನು ಕರೆದುಕೊಂಡು ತಿಪಟೂರಿಗೆ ಹೋದಳು ಎಂದರು. ಅಟ್ಟ ನೋಡಿ ಕಾರ್ಡು ಕೊಡುವ ನಿಯಮ ಆ ತಹಸೀಲ್ದಾರರು ವರ್ಗವಾದ ಮೇಲೆ ತಾನಾಗಿ ಬಿದ್ದುಹೋಯಿತು. ಆಮೇಲೆ ಅರ್ಜಿಗಳು ಬಂದವು, ಆದಾಯದ ದೃಢೀಕರಣ ಬಂತು, ಮನೆ ಮನೆಗೆ ಹೋಗುವುದು ಕಡಿಮೆಯಾಯಿತು. ಆ ಬದಲಾವಣೆಯನ್ನು ನಾನೂ ಒಳ್ಳೆಯದೆಂದೇ ಭಾವಿಸಿದೆ. ಈಗ ಅಷ್ಟು ಖಚಿತವಿಲ್ಲ.

ಒಂದೆರಡು ವರ್ಷದ ಮೇಲಿರಬೇಕು. ಬೆಳಗಿನಿಂದ ಡಿಪೋಗಳನ್ನು ಸುತ್ತಿ ಮಧ್ಯಾಹ್ನ ತಿಪಟೂರಿನಲ್ಲಿ ನೊಣವಿನಕೆರೆಯ ಬಸ್ಸಿಗೆ ಕಾಯುತ್ತಿದ್ದೆ. ಹತ್ತಿರದ ಕೊಬ್ಬರಿ ಮಂಡಿಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. “ಸ್ವಾಮಿ” ಎಂದು ಯಾರೋ ಕರೆದರು. ಮೈಯೆಲ್ಲ ಚಿಪ್ಪಿನ ಪುಡಿ. ದನಿಯಿಂದಲೇ ಗುರುತು ಹಿಡಿದೆ.

“ಅತ್ತೆ ಹೇಗಿದ್ದಾರೆ ಲಕ್ಕಮ್ಮ?”

“ಕಣ್ ಹೋಯ್ತು. ಬಾಯಿ ಹಂಗೇ ಐತೆ.”

“ಕಾರ್ಡು?”

“ಊರಿಂದು ಇಲ್ಲಿ ನಡೆಯಾಕಿಲ್ವಂತೆ. ಮಡಗಿವ್ನಿ, ಪೆಟ್ಟಿಗೇಲಿ.”

ಕಾರ್ಡನ್ನು ಇಲ್ಲಿಗೆ ವರ್ಗ ಮಾಡಿಸಿಕೊಡುತ್ತೇನೆ ಎಂದೆ. ಮಾಡಿಸಿದೆ ಕೂಡ, ಅದಕ್ಕೂ ತಿಂಗಳುಗಳು ಹಿಡಿದವು. ನಾವು ಮಾತಾಡುತ್ತಿರುವಾಗಲೇ ಊಟದ ಹೊತ್ತಾಗಿ ಹೆಂಗಸರು ಕೈ ಕೊಡವಿ ಬುತ್ತಿ ಬಿಚ್ಚತೊಡಗಿದರು. ನಾನು ಹೊರಡಲು ತಿರುಗಿದೆ.

“ಉಂಡ್ರಾ ಸ್ವಾಮಿ?”

ಆ ಸೀಮೆಯಲ್ಲಿ ಅಷ್ಟು ವರ್ಷ ಇದ್ದರೂ ಆ ಮಾತನ್ನು ನನಗೆ ಕೇಳಿದವರು ಬೇರೆ ಯಾರಿದ್ದರು ಎಂದು ಈಗ ಹುಡುಕಿದರೆ ಹೆಸರು ಸಿಗುವುದಿಲ್ಲ.

“ಆಯ್ತಮ್ಮ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಏನ್ ಸಾರು?”

ಬಾಯಿ ತೆರೆದೆ. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಸಾರುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

“ಸರ್ಕಳೇ ಅತ್ಲಾಗೆ” ಎಂದು ಲಕ್ಕಮ್ಮ ಪಕ್ಕದವಳನ್ನು ಮೊಣಕೈಯಿಂದ ತಳ್ಳಿ ಚಿಪ್ಪಿನ ಚೂರು ಗುಡಿಸಿ ಜಾಗ ಮಾಡಿದಳು.

ಆ ದಿನದ ದಿನಚರಿಯಲ್ಲಿ ನೊಣವಿನಕೆರೆಯ ಬಸ್ಸು ತಪ್ಪಿತು ಎಂದಷ್ಟೇ ಇದೆ. ಊಟದ ಮಾತಿಲ್ಲ. ನನ್ನ ನೆನಪನ್ನು ನಾನು ಎಲ್ಲದರಲ್ಲೂ ನಂಬುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೆ ಅದು ಹುರುಳಿ ಸಾರು.